ಗುಮಾಸ್ತನ ಟಿಪ್ಪಣಿ: ಗುಂಡಿನ ಮೈ, ಓಣಿಯ ಎಣ್ಣೆ

ಹಿಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಭರಣಿಯನ್ನು ಕುರಿತು ನಾಲ್ಕು ಮಾತು ಬರೆದದ್ದಕ್ಕೆ ನಮ್ಮ ಸಂಘದ ಹಿರಿಯರೊಬ್ಬರು, “ಗುಮಾಸ್ತರೇ, ಅಡುಗೆಮನೆಯಿಂದ ಸ್ವಲ್ಪ ಹೊರಕ್ಕೆ ಬನ್ನಿ” ಎಂದು ನಗುತ್ತ ಅಪ್ಪಣೆ ಮಾಡಿದರು. ಹಿರಿಯರ ಮಾತನ್ನು ಮೀರಲಾದೀತೆ? ಈ ಸಲ ಹೊರಗೆ ಬಂದಿದ್ದೇನೆ. ಆದರೆ ಬಂದು ನಿಂತದ್ದು ಒಂದು ಎಣ್ಣೆ ಬಳಿದ ಓಣಿಯಲ್ಲಿ. ಹೀಗಾಗಿ ಅಡುಗೆಮನೆಯ ಜಿಡ್ಡು ನನ್ನನ್ನು ಪೂರ್ತಿಯಾಗಿ ಬಿಟ್ಟಿತೆಂದು ಹೇಳಲಾರೆ.

ಮೆಹದಿಪಟ್ಟಣಂ ಎಂದರೆ ಈಗ ಕಂಬಗಳ ಊರು. ೨೦೦೯ರಲ್ಲಿ ಪಿ. ವಿ. ನರಸಿಂಹರಾವ್ ಹೆಸರಿನ ಉದ್ದನೆಯ ಮೇಲುಸೇತುವೆ ತೆರೆದ ಮೇಲೆ ಈ ಭಾಗದಲ್ಲಿ ಬೀದಿಯ ಹೆಸರಿಗೆ ಬೆಲೆ ಹೋಯಿತು. ಇಂಥ ನಂಬರಿನ ಪಿಲ್ಲರ್ ಎಂದರೆ ಸಾಕು, ಆಟೋದವನು ತಂದು ಇಳಿಸುತ್ತಾನೆ. ಅಂಥದೊಂದು ಕಂಬದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಅದರಲ್ಲಿ ನಾನು, ನನ್ನ ಮನೆಯಾಕೆ, ಮಗಳು, ಮತ್ತು ಎರಡು ವರ್ಷದಿಂದ ನಮ್ಮ ಅಕ್ಕನ ಮಗ. ಭಾವನವರು ತೀರಿಕೊಂಡ ಮೇಲೆ ಅಕ್ಕ ಸೇಡಮ್ಮಿನಲ್ಲಿ ಹೊಲಿಗೆಯ ಯಂತ್ರ ತುಳಿದು ಸಂಸಾರ ನಡೆಸುತ್ತಾಳೆ. ಹುಡುಗನನ್ನು ಡಿಗ್ರಿ ಓದಲೆಂದು ನನ್ನ ಬಳಿಗೆ ಕಳುಹಿಸಿದಳು. ಅವನು ಹಗಲು ಕಾಲೇಜಿಗೆ ಹೋಗುತ್ತಾನೆ. ಸಂಜೆ ಒಂದು ಮಾಲಿನ ಬೌಲಿಂಗ್ ಆಟದ ಸ್ಥಳದಲ್ಲಿ ಬಂದವರಿಗೆ ಬೂಟು ಕೊಡುವುದು, ಯಂತ್ರದ ಹಿಂದೆ ಸಿಕ್ಕಿಬಿದ್ದ ಪಿನ್ನು ಬಿಡಿಸುವುದು, ಇಂಥ ಕೆಲಸ ಮಾಡಿ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಾನೆ.

ಬಾಗಿಲು ಹಾಕುವ ಹೊತ್ತಿನಲ್ಲಿ, ಗಿರಾಕಿಗಳು ಹೋದ ಮೇಲೆ, ಕೆಲಸದವರಿಗೂ ನಾಲ್ಕು ಗುಂಡು ಉರುಳಿಸಲು ಅಲ್ಲಿ ಅನುಮತಿ ಉಂಟು. ಹುಡುಗ ಹಾಗೆಯೇ ಕಲಿತ. ಕಲಿತದ್ದು ಎಷ್ಟೆಂದರೆ, ಅಲ್ಲಿಗೆ ಬರುವ ಪಳಗಿದ ಆಟಗಾರರೊಬ್ಬರು, “ನೀನು ರಾಜ್ಯದ ಆಯ್ಕೆಯ ಪಂದ್ಯಕ್ಕೆ ಹೆಸರು ಕೊಡು” ಎಂದರು. ಅಂದು ರಾತ್ರಿ ಹನ್ನೊಂದು ಗಂಟೆಗೆ ಮನೆಗೆ ಬಂದವನು ಊಟಕ್ಕೂ ಕೂರದೆ, “ಮಾಮಾ, ನನಗೊಂದು ಚೆಂಡು ಬೇಕ್ರಿ” ಎಂದ. ನಾನು, “ಅದಕ್ಕೇನಂತ, ನಾಳೆ ತಗೊಂಡ್ರಾಯ್ತು” ಎಂದೆ. ನನ್ನ ಲೆಕ್ಕದಲ್ಲಿ ಚೆಂಡು ಎಂದರೆ ಐವತ್ತು ರೂಪಾಯಿಯದು. ಅವನು ತಲೆ ತಗ್ಗಿಸಿ ಬೆಲೆ ಹೇಳಿದ. ಕೈಗೆ ತಕ್ಕಂತೆ ತೂತು ಕೊರೆಸುವುದೂ ಸೇರಿ ₹೨೨,೦೦೦! ನನ್ನ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಅಲ್ಲಿಯೇ ನಿಂತಿತು.

ವಾಚಕರಲ್ಲಿ ಈ ಆಟವನ್ನು ಕಾಣದವರೂ ಇರಬಹುದು. ಅವರಿಗಾಗಿ ಎರಡು ಮಾತು. ಹಲಗೆಯ ಒಂದು ಉದ್ದನೆಯ ದಾರಿ, ಅದಕ್ಕೆ ಎಡಬಲದಲ್ಲಿ ಚರಂಡಿ. ಇದಕ್ಕೆ ಇಂಗ್ಲಿಷಿನಲ್ಲಿ ಲೇನ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಓಣಿ ಎಂದರೇ ಸರಿಹೋದೀತು. ಗೆರೆಯಿಂದ ಮೊದಲನೆಯ ಪಿನ್ನಿಗೆ ೬೦ ಅಡಿ. ಅಗಲ ಮೂರೂವರೆ ಅಡಿಗೆ ತುಸುವೇ ಕಡಮೆ. ಆ ಅಗಲವನ್ನು ೩೯ ಹಲಗೆಗಳಾಗಿ ಎಣಿಸುತ್ತಾರೆ. ಕೊನೆಯಲ್ಲಿ ೧೫ ಅಂಗುಲ ಎತ್ತರದ ೧೦ ಪಿನ್ನುಗಳು ತ್ರಿಕೋನವಾಗಿ ನಿಂತಿರುತ್ತವೆ. ಗುಂಡಿನ ತೂಕ ೧೬ ಪೌಂಡನ್ನು, ಎಂದರೆ ಸುಮಾರು ಏಳೂಕಾಲು ಕಿಲೋವನ್ನು, ಮೀರಕೂಡದು. ಒಂದೇ ಏಟಿಗೆ ಹತ್ತನ್ನೂ ಕೆಡವಿದರೆ ಸ್ಟ್ರೈಕ್. ಉಳಿದವನ್ನು ಎರಡನೆಯ ಏಟಿಗೆ ಕೆಡವಿದರೆ ಸ್ಪೇರ್. ಒಂದು ಆಟದಲ್ಲಿ ಸಾಲಾಗಿ ಹನ್ನೆರಡು ಸ್ಟ್ರೈಕ್ ಬಿದ್ದರೆ ೩೦೦ ಅಂಕ. ಅದಕ್ಕೆ ಮೇಲೆ ಅಂಕವಿಲ್ಲ.

ಇದು ಬರೀ ಮಾಲಿನ ಮಕ್ಕಳಾಟವೆಂದು ನಾನೂ ತಿಳಿದಿದ್ದೆ. ಹಾಗಲ್ಲ. ೧೯೭೮ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಇದು ಮೊದಲ ಸಲ ಸೇರಿತು. ೧೯೮೮ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನದ ಆಟವಾಗಿತ್ತು. ೧೯೯೮ರ ಕೌಲಾಲಂಪುರದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಇದಕ್ಕೆ ಪದಕಗಳಿದ್ದವು. ನಮ್ಮ ದೇಶದಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ. ಕರ್ನಾಟಕದ ಆಕಾಶ್ ಅಶೋಕ್ ಕುಮಾರ್ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಹುಡುಗನ ಕನಸು ಗಾಳಿಯ ಗೋಪುರವೇನೂ ಅಲ್ಲ ಎಂಬುದನ್ನು ಮನಗಾಣಿಸಲು ಇಷ್ಟು ಸಾಕೆಂದು ತೋರುತ್ತದೆ.

ಆದರೆ ಚೆಂಡಿಗೆ ₹೨೨,೦೦೦ ಏಕೆ? ಆಟದ ಸ್ಥಳದಲ್ಲಿ ಸಾಲಾಗಿ ಇಟ್ಟ ಚೆಂಡುಗಳೇನು ಕಲ್ಲಂಗಡಿಯೇ? ಅದನ್ನೇ ಕೇಳಿದೆ. ಹುಡುಗ ಉತ್ತರಕ್ಕೆ ನನ್ನ ಮನೆಯಾಕೆಯ ಅಡುಗೆಮನೆಗೆ ಹೋಗಿ ಒಂದು ಹೆಂಚು, ಒಂದು ಸ್ಟೀಲ್ ಬಟ್ಟಲು, ಒಂದು ಮಣ್ಣಿನ ಹಣತೆ ತಂದು ಮುಂದಿಟ್ಟ. ಹೆಂಚಿಗೆ ತೆಳ್ಳಗೆ ಎಣ್ಣೆ ಸವರಿದ. ಬಟ್ಟಲನ್ನು ಅದರ ಮೇಲೆ ನೂಕಿದ. ಸರ್ರನೆ ಜಾರಿ ಆ ತುದಿಗೆ ಹೋಯಿತು. ಹಣತೆಯನ್ನು ನೂಕಿದ. ಅದು ನಡುವೆಯೇ ತಡೆದು ನಿಂತಿತು. “ನೋಡ್ರಿ ಮಾಮಾ, ಬಟ್ಟಲಕ್ಕ ಎಣ್ಣಿ ಹತ್ತೂದಿಲ್ಲ. ಹಣತಿ ಎಣ್ಣಿ ಕುಡೀತದ. ಚೆಂಡಿನ ಮೈಯೂ ಹಿಂಗ. ಇಷ್ಟೇ ಇದರ ಗುಟ್ಟು” ಎಂದ. ಡಿಗ್ರಿ ಕಾಲೇಜಿನ ಪಾಠಕ್ಕಿಂತ ಈ ಪಾಠ ನನಗೆ ಬೇಗ ತಲೆಗೆ ಹೋಯಿತು. ಹೆಂಚು ತೊಳೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಸಂಗತಿ ಹೀಗಿದೆ. ಬರಿಗಣ್ಣಿಗೆ ಕಾಣದಿದ್ದರೂ ಓಣಿಯ ಮೇಲೆ ತೆಳ್ಳನೆಯ ಎಣ್ಣೆ ಬಳಿದಿರುತ್ತದೆ. ಯಂತ್ರವೊಂದು ಗೆರೆಯಿಂದ ಹಿಡಿದು ಸುಮಾರು ೪೦ ಅಡಿಯವರೆಗೆ ಅದನ್ನು ಹರಡುತ್ತದೆ. ಕೊನೆಯ ೨೦ ಅಡಿ ಒಣನೆಲ. ಮೊದಲು ಈ ಎಣ್ಣೆ ಹಲಗೆ ಸವೆಯದಿರಲೆಂದು ಬಂತು. ಈಗ ಆಟದ ಅರ್ಧ ಭಾಗ ಅದೇ ಆಗಿದೆ. ಗುಂಡು ಎಣ್ಣೆಯ ಮೇಲೆ ಜಾರುತ್ತ ಹೋಗಿ, ಒಣನೆಲ ಸಿಕ್ಕೊಡನೆ ಹಿಡಿತ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ, ಆಮೇಲೆ ಉರುಳುತ್ತದೆ. ತೊಯ್ದ ತಾಂಡೂರ ಕಲ್ಲಿನ ಮೇಲೆ ಚರ್ಮದ ಮೆಟ್ಟು ಹಾಕಿ ಜಾರುವವನು ಒಣ ಕಲ್ಲು ಕಾಲಿಗೆ ತಾಕಿದೊಡನೆ ಮುಗ್ಗರಿಸುವಂತೆ ಎನ್ನಿ.

ಬಾಗುವುದೇಕೆ ಬೇಕು, ನೇರ ಹೋದರೆ ಸಾಲದೆ? ಸಾಲದು. ಬಲಗೈಯ ಆಟಗಾರನಿಗೆ ಮೊದಲನೆಯ ಮತ್ತು ಮೂರನೆಯ ಪಿನ್ನಿನ ನಡುವಣ ಸಂದು ಮರ್ಮಸ್ಥಾನ. ಅದಕ್ಕೆ ಜೇಬು ಎಂದು ಹೆಸರು. ಆ ಜೇಬಿನೊಳಕ್ಕೆ ಗುಂಡು ಸುಮಾರು ೬ ಡಿಗ್ರಿ ಓರೆಯಾಗಿ ಹೊಕ್ಕರೆ ಹತ್ತೂ ಬೀಳುವ ಸಂಭವ ಹೆಚ್ಚು. ನೇರ ಎಸೆತದಲ್ಲಿ ಅಷ್ಟು ಓರೆ ಬರಬೇಕಾದರೆ ಪಕ್ಕದವರ ಓಣಿಯಲ್ಲಿ ನಿಂತು ಎಸೆಯಬೇಕು! ಅದಕ್ಕೆ ಅವರು ಒಪ್ಪಬೇಕಲ್ಲ. ಆದ್ದರಿಂದ ಗುಂಡು ತಾನಾಗಿ ಬಾಗಬೇಕು. ಎಷ್ಟು ಬಾಗುತ್ತದೆ, ಎಲ್ಲಿ ಬಾಗುತ್ತದೆ ಎಂಬುದನ್ನು ಎಸೆಯುವವನ ಕೈಯ ಜತೆಗೆ ಅದರ ಮೈಹೊದಿಕೆ ನಿರ್ಣಯಿಸುತ್ತದೆ. ಒಳಗಿನ ತಿರುಳಿಗೂ ಪಾತ್ರವುಂಟು. ಆದರೆ ನೆಲಕ್ಕೆ ತಾಕುವುದು ಮೈ, ತಿರುಳಲ್ಲ.

ಈ ಹೊದಿಕೆಯ ವಂಶಾವಳಿ ಸ್ವಾರಸ್ಯವಾಗಿದೆ. ಹಿಂದೆ ಗುಂಡುಗಳು ಮರದವು. ಲಿಗ್ನಮ್ ವೀಟೆ ಎಂಬುದು ನೀರಿನಲ್ಲಿ ಮುಳುಗುವಷ್ಟು ಭಾರವಾದ ಅಮೆರಿಕದ ಮರ, ಅದರಿಂದ ಕಡೆದವು. ಆ ಕಾಲದ ಓಣಿಯೂ ಮರದ್ದೇ. ಗುಂಡು ಬೀಳುವ ಕಡೆಯೂ ಪಿನ್ನು ನಿಲ್ಲುವ ಕಡೆಯೂ ಗಟ್ಟಿಯಾದ ಮೇಪಲ್, ನಡುವೆ ಮೆತ್ತನೆಯ ಪೈನ್. ಅದರ ಮೇಲೆ ಶೆಲ್ಯಾಕ್ ಬಳಿಯುತ್ತಿದ್ದರು. ಶೆಲ್ಯಾಕ್ ಎಂದರೆ ಬೇರೇನೂ ಅಲ್ಲ, ನಮ್ಮ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗಿನ ವರ್ಗದ್ದು. ೧೯೦೫ರಲ್ಲಿ ಎವರ್‌ಟ್ರೂ ಎಂಬ ರಬ್ಬರಿನ ಗುಂಡು ಬಂತು. ೧೯೧೪ರಲ್ಲಿ ಬ್ರನ್ಸ್‌ವಿಕ್ ಕಂಪೆನಿ ಮಿನರಲೈಟ್ ಎಂಬ ಗಡುಸು ರಬ್ಬರಿನ ಗುಂಡನ್ನು ಹೊರತಂದಿತು. ಮರದ ಗುಂಡಿನ ಕಾಲ ತೀರಿತು. ರಬ್ಬರು ಬಹಳ ದಶಕ ಆಳಿತು.

ಆಮೇಲೆ ಬಂದದ್ದು ಪಾಲಿಯೆಸ್ಟರ್, ಆಡುವ ಮಾತಿನಲ್ಲಿ ಪ್ಲಾಸ್ಟಿಕ್. ೧೯೭೦ರ ದಶಕದಲ್ಲಿ ಇದು ಎಲ್ಲರ ಕೈಗೂ ಬಂತು. ಗಟ್ಟಿ, ನುಣುಪು, ಎಣ್ಣೆ ಹೀರದು, ಬಹುಮಟ್ಟಿಗೆ ನೇರ ಹೋಗುತ್ತದೆ. ಇಲ್ಲಿ ಒಂದು ತಮಾಷೆಯ ಕಥೆ. ೧೯೭೩ರಲ್ಲಿ ಅಮೆರಿಕದ ಡಾನ್ ಮೆಕ್ಯೂನ್ ಎಂಬ ವೃತ್ತಿ ಆಟಗಾರನು ತನ್ನ ಪ್ಲಾಸ್ಟಿಕ್ ಗುಂಡನ್ನು ರಾಸಾಯನಿಕ ದ್ರವದಲ್ಲಿ ನೆನೆಹಾಕಿ ಮೈ ಮೆತ್ತಗೆ ಮಾಡಿಕೊಂಡ. ಅದು ಓಣಿಯನ್ನು ಕಚ್ಚಿ ಹಿಡಿಯಿತು. ಆ ವರ್ಷ ಅವನು ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರನೆನಿಸಿದ. ಕಡಲೆ ನೆನೆಹಾಕುವ ವಿದ್ಯೆ ನಮ್ಮ ಹೆಂಗಸರಿಗೆ ಗೊತ್ತು. ಗುಂಡು ನೆನೆಹಾಕಿ ಗೆದ್ದವನು ಅವನೇ ಇರಬೇಕು. ಆಮೇಲೆ ಗುಂಡಿನ ಗಡುಸುತನವನ್ನು ಅಳೆಯುವ ನಿಯಮ ಬಂತು. ಆ ಅಳತೆಯ ಜಗಳ ಇನ್ನೂ ತೀರಿಲ್ಲ. ೨೦೨೨ರಲ್ಲಿ ಕೂಡ ಅಮೆರಿಕದ ಬೌಲಿಂಗ್ ಸಂಸ್ಥೆ, ಹಿಂದೆ ತಯಾರಾದ ಒಂದು ಬಗೆಯ ಗುಂಡು ನಿಯಮಕ್ಕಿಂತ ಮೆತ್ತಗಿದೆಯೆಂದು ತನ್ನ ರಾಷ್ಟ್ರೀಯ ಪಂದ್ಯಗಳಿಂದ ಹೊರಗಿಟ್ಟಿತು.

೧೯೮೦ರ ದಶಕದ ಮೊದಲಿಗೆ ಯುರೆಥೇನ್ ಬಂತು. ಓಣಿಗಳೂ ಆಗ ಬದಲಾಗುತ್ತಿದ್ದವು. ಮರದ ಬದಲು ಕೃತಕ ಹಲಗೆ, ಗಟ್ಟಿ ಮೈ, ಹೆಚ್ಚು ಜಾರು. ಅದಕ್ಕೆ ತಕ್ಕ ಹಿಡಿತವನ್ನು ಯುರೆಥೇನ್ ಕೊಟ್ಟಿತು. ಇದು ಒಮ್ಮೆಲೇ ತಿರುಗದು. ಬೇಗ ಆರಂಭಿಸಿ ಸಾವಕಾಶವಾಗಿ, ಎತ್ತಿನ ಗಾಡಿ ತಿರುವಿನಲ್ಲಿ ತಿರುಗುವಂತೆ ಬಾಗುತ್ತದೆ. ೧೯೯೦ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಎಂಬುದು ಬಂತು. ಯುರೆಥೇನಿಗೇ ಬೇರೆ ವಸ್ತು ಕೂಡಿಸಿ ಮೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಬರುವಂತೆ ಮಾಡಿದ್ದು. ಇದೇ ನಮ್ಮ ಹಣತೆ. ಎಣ್ಣೆ ಕುಡಿಯುತ್ತದೆ, ಒಣನೆಲ ಸಿಕ್ಕೊಡನೆ ಗಕ್ಕನೆ ತಿರುಗುತ್ತದೆ. ಇದರಲ್ಲಿಯೂ ಮೂರು ಜಾತಿ. ಸಾಲಿಡ್ ಎಂಬುದು ಬೇಗ ಹಿಡಿಯುತ್ತದೆ, ಎಣ್ಣೆ ಬಹಳವಿದ್ದಲ್ಲಿ ಲೇಸು. ಪರ್ಲ್ ಎಂಬುದು ಅಭ್ರಕದ ಪುಡಿ ಬೆರೆತದ್ದು, ಮುಂದೆ ಹೋಗಿ ತಡವಾಗಿ ಚುರುಕಾಗಿ ತಿರುಗುತ್ತದೆ, ಎಣ್ಣೆ ಕಡಮೆಯಿದ್ದಲ್ಲಿ ಲೇಸು. ಇವೆರಡರ ನಡುವಣದು ಹೈಬ್ರಿಡ್. ಹುಡುಗ ಕೇಳುತ್ತಿದ್ದದ್ದು ಇಂಥ ರಿಯಾಕ್ಟಿವ್ ಗುಂಡು.

ಈಗ ನಮ್ಮ ಮನೆಯ ಸಂಗತಿಗೆ ಬರೋಣ. ಅಕ್ಕನಿಗೆ ಆ ತಿಂಗಳು ಚೀಟಿಯ ₹೩೦,೦೦೦ ಬಂದಿತ್ತು. ಸೇಡಮ್ಮಿನ ಮನೆಯ ಹಿಂದಿನ ಕೋಣೆ ಮಳೆಗೆ ಸೋರುತ್ತದೆ. ಅದಕ್ಕೆ ತಗಡು ಹೊದಿಸಲೆಂದು ಎರಡು ವರ್ಷದಿಂದ ಕಟ್ಟಿದ ಚೀಟಿ ಅದು. ಹುಡುಗ ಅವ್ವನಿಗೆ ಏನೂ ಹೇಳಿರಲಿಲ್ಲ. ನನ್ನ ಮನೆಯಾಕೆ ಮಾತಿನ ಭರದಲ್ಲಿ ಫೋನಿನಲ್ಲಿ ಹೇಳಿಬಿಟ್ಟಳು. ಮರುದಿನವೇ ಅಕ್ಕ, “ತಮ್ಮಾ, ರೊಕ್ಕ ಕಳಸ್ತೀನಿ. ತಗಡ ಮುಂದಿನ ವರ್ಷ ಹೊದಸಿದ್ರಾಯ್ತು. ನಾಲ್ಕು ಮಂದ್ಯಾಗ ಅಂವನ ಕೈ ಖಾಲಿ ಇರಬಾರದು” ಎಂದಳು. ನನಗೆ ಗಂಟಲು ಕಟ್ಟಿತು. ಮೂವತ್ತು ಸಾವಿರ ರೂಪಾಯಿಯೂ ಸೋರುವ ಮಾಡೂ ಒಂದು ಕಡೆ, ಹುಡುಗನ ಕೈ ಒಂದು ಕಡೆ. ತೀರ್ಪು ಕೊಡುವ ಹೊಣೆ ನನ್ನ ಮೇಲೆ ಬಿತ್ತು.

ಗುಮಾಸ್ತನಿಗೆ ಹೊಣೆ ಬಿದ್ದರೆ ಏನು ಮಾಡುತ್ತಾನೆ? ಟಿಪ್ಪಣಿ ಬರೆಯುತ್ತಾನೆ. ನಾನೂ ಒಂದು ಫೈಲು ತೆರೆದೆ. ಭಾನುವಾರ ಹುಡುಗನ ಜತೆ ಅವನ ಆಟದ ಸ್ಥಳಕ್ಕೆ ಹೋಗಿ ಯಂತ್ರದವನನ್ನು ವಿಚಾರಿಸಿದೆ. ಬೆಳಗ್ಗೆ ಒಮ್ಮೆ ಎಣ್ಣೆ, ಆಮೇಲೆ ಇಡೀ ದಿನ ನೂರಾರು ಮಂದಿಯ ಆಟ. ಹುಡುಗ ಆಡುವ ರಾತ್ರಿಯ ಹೊತ್ತಿಗೆ ಓಣಿ ಬಹುತೇಕ ಒಣಗಿ ಹೋಗಿರುತ್ತದೆ. ಅಲ್ಲೊಬ್ಬರ ರಿಯಾಕ್ಟಿವ್ ಗುಂಡು ಎರವಲು ಪಡೆದು ಎಸೆದು ನೋಡಿದ. ಅರ್ಧ ದಾರಿಯಲ್ಲಿಯೇ ತಿರುಗಿ, ಇದ್ದ ಕಸುವೆಲ್ಲ ಅಲ್ಲಿಯೇ ತೀರಿ, ಎಡಗಡೆಗೆ ಹೋಯಿತು. ಅಲ್ಲಿನ ಪ್ಲಾಸ್ಟಿಕ್ ಗುಂಡೇ ಚೆನ್ನಾಗಿ ಜೇಬು ಸೇರುತ್ತಿತ್ತು. ಒಣ ಓಣಿಯಲ್ಲಿ ಪ್ಲಾಸ್ಟಿಕ್ಕಿಗೂ ಅಷ್ಟಿಷ್ಟು ಬಾಗು ಸಿಗುತ್ತದೆ. ಅಂದು ರಾತ್ರಿ ಬರೆದ ಟಿಪ್ಪಣಿಯನ್ನು ಇದ್ದಂತೆ ಕೊಡುತ್ತೇನೆ:

“೧. ಒಣ ಓಣಿಗೆ ಪ್ಲಾಸ್ಟಿಕ್, ನಡುತರದ ಎಣ್ಣೆಗೆ ಯುರೆಥೇನ್ ಅಥವಾ ಪರ್ಲ್, ಹೆಚ್ಚು ಎಣ್ಣೆಗೆ ಸಾಲಿಡ್ ರಿಯಾಕ್ಟಿವ್ ಎಂಬುದು ಸಾಮಾನ್ಯ ನಿಯಮ.

೨. ಅರ್ಜಿದಾರನು ಆಡುವ ಓಣಿಯು ಒಣಗಿದ್ದೆಂದು ಖುದ್ದು ತನಿಖೆಯಿಂದ ಕಂಡುಬಂದಿದೆ.

೩. ಸ್ಪೇರ್ ಹೊಡೆಯಲು, ಮುಖ್ಯವಾಗಿ ಮೂಲೆಯ ಪಿನ್ನಿಗೆ, ನೇರ ಹೋಗುವ ಪ್ಲಾಸ್ಟಿಕ್ ಗುಂಡೇ ಪರಿಣತರಿಗೂ ಬೇಕು.

೪. ಕೈಗೆ ತಕ್ಕಂತೆ ಕೊರೆಸಿದ ಸ್ವಂತ ಪ್ಲಾಸ್ಟಿಕ್ ಗುಂಡಿಗೆ ₹೯,೦೦೦ ಆಗುವುದು. ಮಂಜೂರು ಮಾಡಬಹುದು. ಉಳಿದ ಹಣವನ್ನು ತಗಡಿಗೆ ಹಿಂದಿರುಗಿಸಬಹುದು.”

ಹುಡುಗ ಓದಿದ. ತುಸು ಹೊತ್ತು ಸುಮ್ಮನಿದ್ದು, “ನೀವು ಹೇಳಿದ್ಹಾಂಗ ಆಗಲಿ ಮಾಮಾ” ಎಂದ. ಚೆಂಡು ಬಂತು. ತಗಡಿನ ಹಣ ಉಳಿಯಿತು. ಇಂಥ ಸೊಗಸಾದ ಟಿಪ್ಪಣಿ ನನ್ನ ಹನ್ನೆರಡು ವರ್ಷದ ಸರ್ವೀಸಿನಲ್ಲಿ ಬರೆದಿರಲಿಲ್ಲವೆಂದು ನಾನು ಒಳಗೊಳಗೇ ಬೀಗಿದೆ.

ಆಯ್ಕೆಯ ಪಂದ್ಯಕ್ಕೆ ನಾನೂ ರಜೆ ಹಾಕಿ ಹೋದೆ. ಸ್ಥಳ ಬೇರೆ. ಮಿಕ್ಕ ಹುಡುಗರು ಚಕ್ರದ ಚೀಲಗಳಲ್ಲಿ ಮೂರು ಮೂರು ಗುಂಡು ಎಳೆದುಕೊಂಡು ಬಂದಿದ್ದರು. ನಮ್ಮವನು ಒಂದನ್ನು ನನ್ನ ಮಗಳ ಹಳೆಯ ಶಾಲೆಯ ಚೀಲದಲ್ಲಿ ತಂದಿದ್ದ. ಮೊದಲನೆಯ ಎಸೆತ. ಗುಂಡು ಕೈ ಬಿಟ್ಟಿತು, ಜಾರಿತು, ಜಾರುತ್ತಲೇ ಹೋಯಿತು. ಬಾಗಲೇ ಇಲ್ಲ. ಜೇಬಿನ ಬಲಕ್ಕೆ ಮೂರನೆಯ ಪಿನ್ನಿಗೆ ನೇರವಾಗಿ ಬಡಿಯಿತು. ಐದು ಪಿನ್ನು ಬಿದ್ದವು. ಎರಡನೆಯ ಎಸೆತದಲ್ಲಿ ಸ್ಪೇರ್ ಮಾಡಿದ. ಮುಂದಿನದೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಅವನು ನಿಲ್ಲುವ ಜಾಗ ಬದಲಿಸಿದ, ವೇಗ ಕಡಮೆ ಮಾಡಿದ, ಮಣಿಕಟ್ಟು ತಿರುವಿದ. ಅಷ್ಟಿಷ್ಟು ಸುಧಾರಿಸಿತು. ಓರೆ ಮಾತ್ರ ಬರಲಿಲ್ಲ. ಆರು ಆಟ ಮುಗಿದಾಗ ಸರಾಸರಿ ೧೫೧. ಅವನ ರೂಢಿಯ ಸರಾಸರಿ ೧೭೫. ಆಯ್ಕೆಯಾದವರಲ್ಲಿ ಕೊನೆಯವನದು ೧೭೨.

ನಾನು ಪಕ್ಕದಲ್ಲಿ ಕುಳಿತ ಹಿರಿಯ ಆಟಗಾರರನ್ನು, ಅವನ ಹೆಸರು ಸೂಚಿಸಿದವರನ್ನೇ, “ಏನಾಯಿತು ಸ್ವಾಮಿ?” ಎಂದೆ. ಅವರು ಮೆಲ್ಲನೆ, “ಇಲ್ಲಿ ಹೊಸ ಎಣ್ಣೆ, ೪೨ ಅಡಿ ಉದ್ದ. ಅಂಚಿಗೂ ಬಳಿದಿದ್ದಾರೆ. ಪ್ಲಾಸ್ಟಿಕ್ ಗುಂಡಿಗೆ ಇಲ್ಲಿ ಕೆಲಸವಿಲ್ಲ. ನೋಟೀಸಿನಲ್ಲಿ ನಕ್ಷೆ ಕೊಟ್ಟಿದ್ದರಲ್ಲ, ನೀವು ನೋಡಲಿಲ್ಲವೆ?” ಎಂದರು.

ನೋಟೀಸು! ಅದು ನನ್ನ ಫೈಲಿನಲ್ಲಿತ್ತು. ಹುಡುಗ ಹದಿನೈದು ದಿನ ಮೊದಲೇ ತಂದು ಕೊಟ್ಟಿದ್ದ. ಮೊದಲ ಹಾಳೆಯಲ್ಲಿ ದಿನಾಂಕ, ವೇಳೆ, ಶುಲ್ಕ. ಎರಡನೆಯ ಹಾಳೆ ಲಗತ್ತು. ಅದರಲ್ಲಿ ಬಣ್ಣ ಬಣ್ಣದ ಪಟ್ಟೆಗಳ ಚಿತ್ರ. ಮೊದಲ ಹಾಳೆ ಓದಿ, ಎರಡನೆಯದನ್ನು ಅದಕ್ಕೆ ಸೇರಿಸಿ, ಮೂಲೆಗೆ ಪಿನ್ನು ಚುಚ್ಚಿ, ಕ್ರಮಸಂಖ್ಯೆ ಹಾಕಿ, ಜೋಪಾನವಾಗಿ ಕಟ್ಟಿಟ್ಟಿದ್ದೆ. ಲಗತ್ತನ್ನು ಓದದೆ ಫೈಲು ಮಾಡುವುದು ನನ್ನಂಥವರ ಕುಲಕಸುಬು. ಹುಡುಗನಿಗೆ ಆ ಚಿತ್ರದ ಭಾಷೆ ತಿಳಿಯದು. ಮಾಮಾ ಬಿ.ಎ. ಓದಿದವರು, ನೋಡಿರುತ್ತಾರೆಂದು ಅವನ ನಂಬಿಕೆ. ಮಾಮಾ ತನಿಖೆ ಮಾಡಿದ್ದು ಅವನು ಅಭ್ಯಾಸ ಮಾಡುವ ಓಣಿಯನ್ನು. ಪರೀಕ್ಷೆ ಇದ್ದದ್ದು ಬೇರೆ ಓಣಿಯಲ್ಲಿ.

ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಬಾಯಿ ಬಿಡಲಾರದೆ ಕುಳಿತಿದ್ದೆ. ಅವನೇ, “ಮಾಮಾ, ಚೆಂಡಿಂದೇನೂ ತಪ್ಪಿಲ್ಲ. ನೆಲಾನೇ ಬ್ಯಾರೆ ಇತ್ತು” ಎಂದ. ಬೈದಿದ್ದರೆ ಚೆನ್ನಾಗಿತ್ತು. ಆ ಸಮಾಧಾನದ ಮಾತು ಮೆಹದಿಪಟ್ಟಣದ ಬಸ್ ನಿಲ್ದಾಣದವರೆಗೂ ನನ್ನನ್ನು ಚುಚ್ಚುತ್ತ ಬಂತು. ಅಂದು ರಾತ್ರಿ ಫೈಲು ತೆಗೆದು ಆ ಲಗತ್ತನ್ನು ಅವನ ಮುಂದೆ ಇಟ್ಟೆ. “ತಪ್ಪು ನಂದು. ಇದನ್ನ ನಾನು ಓದಲಿಲ್ಲ” ಎಂದೆ. ಅಕ್ಕನಿಗೂ ಫೋನು ಮಾಡಿ ಹಾಗೆಯೇ ಹೇಳಿದೆ. ಅವಳು ಸ್ವಲ್ಪ ಸುಮ್ಮನಿದ್ದು, “ಹೋಗ್ಲಿ ಬಿಡು. ಮಳಿ ಬಂದ್ರ ಈಗ ಮನಿ ಸೋರೂದಿಲ್ಲ” ಎಂದಳು.

ಆ ಹಿರಿಯ ಆಟಗಾರರು ದೊಡ್ಡ ಮನಸ್ಸಿನವರು. ಮರುವಾರ ಹುಡುಗನನ್ನು ಕರೆದು ತಮ್ಮ ಹಳೆಯ ಸಾಲಿಡ್ ರಿಯಾಕ್ಟಿವ್ ಗುಂಡನ್ನು ₹೪,೦೦೦ಕ್ಕೆ ಕೊಟ್ಟರು. ಒಬ್ಬರ ಕೈಗೆ ಕೊರೆದ ಗುಂಡು ಇನ್ನೊಬ್ಬರಿಗೆ ಆಗದು. ಆದರೆ ಹಳೆಯ ತೂತು ಮುಚ್ಚಿ ಹೊಸದಾಗಿ ಕೊರೆಯಬಹುದು. ಅದಕ್ಕೆ ₹೩,೦೦೦ ಆಯಿತು. ಒಟ್ಟು ₹೭,೦೦೦. ಹಬ್ಬದ ಮುಂಗಡ ತೆಗೆದು ಅದನ್ನು ನಾನು ಕೊಟ್ಟೆ. ಹುಡುಗ ತಿಂಗಳಿಗೆ ₹೫೦೦ರಂತೆ ತೀರಿಸುತ್ತೇನೆಂದು ಹಟ ಹಿಡಿದಿದ್ದಾನೆ. ದಂಡ ತೆರಬೇಕಾದವನು ನಾನೆಂದು ಎಷ್ಟು ಹೇಳಿದರೂ ಕೇಳನು. ಪ್ಲಾಸ್ಟಿಕ್ ಗುಂಡೂ ವ್ಯರ್ಥವಾಗಲಿಲ್ಲ. ಸ್ಪೇರಿಗೆ ಅದೇ. ಟಿಪ್ಪಣಿಯ ಮೂರನೆಯ ಕಲಮು ಸರಿಯಾಗಿಯೇ ಇತ್ತು. ಎರಡನೆಯದು ಕೆಟ್ಟದ್ದರಿಂದ ನಾಲ್ಕನೆಯದೂ ಕೆಟ್ಟಿತು.

ನಮ್ಮ ಸಂಘದ ಮನೆಗಳಲ್ಲಿಯೂ ಈ ಆಟದ ಹುಚ್ಚು ಹಿಡಿದ ಮಕ್ಕಳಿದ್ದಾರೆಂದು ಬಲ್ಲೆ. ಅವರ ತಂದೆತಾಯಿಗಳಿಗೆ ನನ್ನ ದಂಡದಿಂದ ದೊರೆತ ತಿಳಿವಳಿಕೆಯನ್ನು ಬಿಟ್ಟಿಯಾಗಿ ಕೊಡುತ್ತೇನೆ.

ವರ್ಷಕ್ಕೆ ನಾಲ್ಕು ಸಲ ಮಕ್ಕಳ ಹುಟ್ಟುಹಬ್ಬಕ್ಕೆಂದು ಆಡುವವರು ಯಾವ ಗುಂಡನ್ನೂ ಕೊಳ್ಳಬೇಡಿ. ಅಲ್ಲಿರುವುದು ಸಾಕು. ಹೆಬ್ಬೆರಳು ಸಲೀಸಾಗಿ ಹೊರಬರುವಂಥದು, ಎತ್ತಿದರೆ ಭುಜ ಜಗ್ಗದಂಥದು ನೋಡಿ ತೆಗೆದುಕೊಳ್ಳಿ. ವಾರ ವಾರ ಆಡುವ ಮಗುವಿಗೆ ಮೊದಲನೆಯ ಸ್ವಂತ ಗುಂಡು ಪ್ಲಾಸ್ಟಿಕ್ ಇರಲಿ. ಬೆರಳಿಗೆ ಹೊಂದುವ ಗುಂಡೇ ಅರ್ಧ ವಿದ್ಯೆ. ಮಗು ಬೆಳೆಯುತ್ತದೆ, ಬೆರಳೂ ಬೆಳೆಯುತ್ತದೆ. ಆದ್ದರಿಂದ ದುಬಾರಿಯದಕ್ಕೆ ಅವಸರ ಬೇಡ. ಪಂದ್ಯಕ್ಕೆ ಹೋಗುವ ಹಂತ ಬಂದರೆ ಮಾತ್ರ ಎರಡನೆಯ ಗುಂಡು. ಅದನ್ನು ಕೊಳ್ಳುವ ಮುನ್ನ, ಎಲ್ಲಿ ಆಡಲಿದ್ದೀರಿ, ಅಲ್ಲಿ ಎಣ್ಣೆ ಎಷ್ಟು ಅಡಿ, ಯಾವಾಗ ಬಳಿಯುತ್ತಾರೆ ಎಂದು ಕೇಳಿ.

ಎಣ್ಣೆಯ ನಕ್ಷೆ ಓದುವುದು ಜಾತಕ ಓದುವುದಕ್ಕಿಂತ ಸುಲಭ. ದಿನನಿತ್ಯದ ಆಟಕ್ಕೆ ನಡುವೆ ಹೇರಳವಾಗಿ, ಅಂಚಿಗೆ ತೆಳ್ಳಗೆ ಬಳಿಯುತ್ತಾರೆ. ನಡುವಿನದು ಅಂಚಿನದಕ್ಕಿಂತ ಎಂಟು ಹತ್ತು ಪಾಲು ಹೆಚ್ಚಿರುವುದುಂಟು. ಅದು ಕೈ ತಪ್ಪಿದವನನ್ನೂ ಕಾಪಾಡುತ್ತದೆ. ಅಂಚಿಗೆ ಹೋದ ಗುಂಡು ಒಣನೆಲ ಹಿಡಿದು ಹಿಂದಿರುಗುತ್ತದೆ, ನಡುವಿಗೆ ಬಂದದ್ದು ಜಾರಿ ಉಳಿಯುತ್ತದೆ. ಪಂದ್ಯದ ನಕ್ಷೆಯಲ್ಲಿ ಈ ದಯೆ ಇಲ್ಲ. ಅಲ್ಲಿ ನಡುವಿಗೂ ಅಂಚಿಗೂ ಇರುವ ಅಂತರ ಮೂರು ಪಾಲಿಗಿಂತ ಕಡಮೆಯೇ ಇರಬಹುದು. ಇನ್ನೊಂದು ಸುಲಭ ಲೆಕ್ಕ. ಎಣ್ಣೆಯ ಉದ್ದದಿಂದ ೩೧ ಕಳೆಯಿರಿ. ಉಳಿದದ್ದು ಗುಂಡು ಎಣ್ಣೆಯಿಂದ ಹೊರಬೀಳಬೇಕಾದ ಹಲಗೆಯ ಅಂದಾಜು ಸಂಖ್ಯೆ. ೪೨ ಅಡಿಯಾದರೆ ಬಲಗೈಯವನಿಗೆ ಬಲ ಅಂಚಿನಿಂದ ೧೧ನೆಯ ಹಲಗೆ. ಇದು ಕರಾರುವಾಕ್ಕಾದ ಶಾಸ್ತ್ರವಲ್ಲ, ಆರಂಭಕ್ಕೆ ಒಂದು ಊರುಗೋಲು.

ಆಡುತ್ತ ಆಡುತ್ತ ಓಣಿ ಬದಲಾಗುತ್ತದೆ ಎಂಬುದೂ ನೆನಪಿರಲಿ. ರಿಯಾಕ್ಟಿವ್ ಗುಂಡುಗಳು ಎಣ್ಣೆ ಕುಡಿಯುತ್ತ ಹೋದಂತೆ ದಾರಿ ಒಣಗುತ್ತದೆ. ಪ್ಲಾಸ್ಟಿಕ್ ಮತ್ತು ಯುರೆಥೇನ್ ಗುಂಡುಗಳು ಕುಡಿಯುವುದಿಲ್ಲ, ಮುಂದಕ್ಕೆ ಹೊತ್ತು ಒಣನೆಲಕ್ಕೂ ಹಚ್ಚುತ್ತವೆ. ಬೆಳಗಿನ ಓಣಿಯೇ ಬೇರೆ, ಮಧ್ಯಾಹ್ನದ ಓಣಿಯೇ ಬೇರೆ.

ಕುಡಿದವನಿಗೆ ಹೇಗೋ ಹಾಗೆ, ಬಹಳ ಎಣ್ಣೆ ಕುಡಿದ ಗುಂಡಿಗೂ ಚುರುಕು ಕುಂದುತ್ತದೆ. ಆಟ ಮುಗಿದೊಡನೆ ಒರಸಬೇಕು. ಅಮೆರಿಕದ ಸಂಸ್ಥೆ ೨೦೧೯ರ ಆಗಸ್ಟಿನಿಂದ ಪಂದ್ಯದ ನಡುವೆ ದ್ರವ ಹಾಕಿ ಒರಸುವುದನ್ನು ನಿಲ್ಲಿಸಿತು. ಆಟದ ನಡುವೆ ಒಣ ಬಟ್ಟೆ ಮಾತ್ರ. ಮನೆಗೆ ಬಂದ ಮೇಲೆ ತೂತುಗಳಿಗೆ ಪಟ್ಟಿ ಅಂಟಿಸಿ, ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಪಾತ್ರೆಯ ಸೋಪು ಹಾಕಿ ಅಷ್ಟು ಹೊತ್ತು ಇಟ್ಟರೆ ಕುಡಿದ ಎಣ್ಣೆ ತೇಲುತ್ತದೆ. ಕುದಿಯುವ ನೀರು ಬೇಡ, ಒಲೆಯ ಹತ್ತಿರ ಬೇಡ. ನಮ್ಮ ಹೈದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಲೇಬೇಡಿ, ಬಿರುಕು ಬಿಟ್ಟೀತು. ಮೈ ನುಣುಪಾಗಿ ಹಿಡಿತ ಕಡಮೆಯಾದರೆ ಉಜ್ಜುವ ಪ್ಯಾಡು ಸಿಗುತ್ತದೆ. ೫೦೦ರ ನಂಬರು ಒರಟು, ಬೇಗ ಹಿಡಿಯುತ್ತದೆ. ೪೦೦೦ದ ನಂಬರು ನುಣುಪು, ಮುಂದೆ ಹೋಗುತ್ತದೆ. ಹೊಸ ಗುಂಡಿಗೆ ಹಣ ಸುರಿಯುವ ಮೊದಲು ಇದ್ದ ಗುಂಡಿನ ಮೈ ತಿದ್ದಿ ನೋಡುವುದು ಗೃಹಸ್ಥರಿಗೆ ಸಲ್ಲುವ ಮಾರ್ಗ.

ನಮ್ಮ ಮನೆಯಲ್ಲಿ ಈಗ ತಿಂಗಳಿಗೆರಡು ಸಲ ಗುಂಡಿನ ಅಭ್ಯಂಜನ. ಬಚ್ಚಲಿನ ಬಕೆಟ್ಟಿನಲ್ಲಿ ಅದು ಕುಳಿತಿರುವಾಗ ಯಾರಿಗೂ ಸ್ನಾನವಿಲ್ಲ. ನನ್ನ ಮನೆಯಾಕೆ, “ಅಳಿಯಂದಿರ ಎಣ್ಣಿ ಸ್ನಾನ ಮುಗೀತೇನು ನೋಡ್ರಿ, ನನಗ ನೀರು ಬೇಕು” ಎನ್ನುತ್ತಾಳೆ. ಹುಡುಗನ ಅಭ್ಯಾಸದ ವೇಳೆಯೂ ಬದಲಾಗಿದೆ. ವಾರಕ್ಕೆ ಎರಡು ದಿನ ಕಾಲೇಜಿಗೆ ಮುಂಚೆ, ಹೊಸ ಎಣ್ಣೆ ಬಳಿದೊಡನೆ, ಯಂತ್ರದವನ ಅನುಮತಿಯಿಂದ ಆಡುತ್ತಾನೆ. ಅದಕ್ಕೆ ಪ್ರತಿಯಾಗಿ ಆ ದಿನ ಓಣಿ ಒರಸುವ ಕೆಲಸ ಅವನದು.

ಮುಂದಿನ ಆಯ್ಕೆಯ ಪಂದ್ಯದ ನೋಟೀಸು ಹೋದ ವಾರ ಬಂತು. ಮೊದಲ ಹಾಳೆಯನ್ನು ನಾನು ಆಮೇಲೆ ಓದಿದೆ. ಲಗತ್ತನ್ನು ತೆಗೆದು, ಅಡುಗೆಮನೆಯ ಗೋಡೆಗೆ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದೇನೆ. ಉದ್ದ ೩೮ ಅಡಿ. ೩೧ ಕಳೆದರೆ ೭. ನನ್ನ ಮಗಳು ಕೂಡ ಈಗ “ಏಳನೇ ಹಲಗೆ” ಎಂದು ಹಾಡುತ್ತ ಓಡಾಡುತ್ತಾಳೆ. ಅಕ್ಕ ಆ ದಿನ ಸೇಡಮ್ಮಿನಿಂದ ರೈಲಿಗೆ ಬರುತ್ತಾಳಂತೆ. ಮಗನ ಆಟ ಅವಳು ಇನ್ನೂ ನೋಡಿಲ್ಲ. ಫಲ ಏನೇ ಆಗಲಿ, ಬರುವ ಸಂಚಿಕೆಯಲ್ಲಿ ಒಂದು ಸಾಲಿನಲ್ಲಿ ವಾಚಕರಿಗೆ ತಿಳಿಸುತ್ತೇ‌ನೆ.